ಭಾವನ ಸುರಂಗ

ಮದ್ರಾಸಿನಲ್ಲಿ ಭೂಗರ್ಭಶಾಸ್ತ್ರ ಓದಿ ಪುತ್ತೂರಿಗೆ ಮರಳಿದಾಗ ಯಜ್ಞೇಶ್ವರ ಭಟ್ಟರ ತಲೆಯ ತುಂಬ ಜ್ವಾಲಾಮುಖಿಗಳೇ. ಅಯ್ಯೋ, ಈ ಸೀಮೆಗೆ ಬೆಂಕಿ ಉಗುಳುವ ಗುಡ್ಡ ಎಲ್ಲಿಂದ ಬರಬೇಕು? ಇಲ್ಲಿಯವಕ್ಕೆ ಗೊತ್ತಿರುವುದು ನೀರು ಕುಡಿಯುವುದು, ಕುಡಿದದ್ದು ಹೆಚ್ಚಾದರೆ ಜರಿದು ಬೀಳುವುದು. ಸರಿ, ಅದೇ ಆಗಲಿ ಎಂದು ಅವರು ಗುಡ್ಡ ಜರಿಯುವುದರ ಬೆನ್ನು ಹತ್ತಿದರು. ಸರ್ಕಾರಿ ನೌಕರಿಯೂ ಸಿಕ್ಕಿತು. ಮಳೆ ಹಿಡಿಯಿತೆಂದರೆ ಉಳಿದವರು ಒಲೆಯ ಬುಡ ಸೇರುವಾಗ ಈ ಮನುಷ್ಯ ಕೊಡೆ, ಸುತ್ತಿಗೆ ಹಿಡಿದು ಸುಳ್ಯ, ಕಡಬದ ಗುಡ್ಡ ಹತ್ತುತ್ತಿದ್ದರು. ‘ಕಲ್ಲು ಭಟ್ರು’ ಎಂದು ಜನ ತಮಾಷೆ ಮಾಡುತ್ತಿದ್ದರು. ಮನೆಯ ಹಿಂದೆ ಗುಡ್ಡ ಕಡಿದ ಬರೆಯಲ್ಲಿ ಬಿರುಕು ಕಂಡರೆ ಮಾತ್ರ ಅವರ ಬಳಿಗೇ ಓಡಿ ಬರುತ್ತಿದ್ದರು.

ಅರವತ್ತೆರಡರ ಬೇಸಗೆಯಲ್ಲಿ ಹಾಗೆ ಬಂದವನು ಗುತ್ತಿಗಾರಿನ ಹಸನಬ್ಬ. ರಸ್ತೆ ಬದಿಯಲ್ಲಿ ಅವನ ಜೀನಸಿನ ಅಂಗಡಿ, ಅಂಗಡಿಗೆ ಒತ್ತಿಕೊಂಡೇ ಅವನೂ ಹೆಂಡತಿ ಪಾತುವೂ ಇದ್ದ ಮನೆ, ಮನೆಯ ಬೆನ್ನಿಗೇ ಗುಡ್ಡ.

“ಭಟ್ರೆ, ಗುಡ್ಡೆ ಬಿರುಕು ಬಿಟ್ಟುಂಟು. ಪಾತುವನ್ನು ಕರ್ಕೊಂಡು ಪುತ್ತೂರಿಗೆ ಅಣ್ಣನ ಮನೆಗೆ ಹೋಗುದಾ, ಇಲ್ಲಿಯೇ ಇರುದಾ? ನೀವು ಹೇಳಿದ ಹಾಗೆ.”

ಆ ಗುಡ್ಡದ ಮೇಲ್ಭಾಗ ಬೇರೆ ಯಾರದ್ದೂ ಅಲ್ಲ, ಭಟ್ಟರ ತಂಗಿ ಈಶ್ವರಿಯ ಗಂಡ ಗೌರೀಶಂಕರನದ್ದು. ಅಲ್ಲೊಂದು ಸುರಂಗ. ಬಾವಿಯನ್ನು ಕೆಳಕ್ಕೆ ತೋಡುವ ಬದಲು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದರೆ ಅದೇ ಸುರಂಗ. ನೀರು ತಾನಾಗಿ ಹರಿದು ಬರುತ್ತದೆ. ಬೇಸಗೆಯಲ್ಲಿ ಅದರ ಬಾಯಿಗೆ ಮಣ್ಣಿನ ಕಟ್ಟ ಹಾಕಿ ನೀರು ನಿಲ್ಲಿಸುತ್ತಾರೆ, ಮಳೆಗೆ ಮೊದಲು ಬಿಡಿಸುತ್ತಾರೆ. ಗೌರೀಶಂಕರ ಮಹಾ ಜಾಣ. ಮಣ್ಣು ಯಾಕೆ ಎಂದು ಸಿಮೆಂಟಿನ ಗೋಡೆಯನ್ನೇ ಕಟ್ಟಿಸಿದ್ದ.

ಭಟ್ಟರು ವಾರವಿಡೀ ಗುಡ್ಡ ಸುತ್ತಿದರು. ಬಿರುಕು ಹಳೆಯದು, ಒಳಗಿನ ನೀರು ಹೊರಗೆ ಹರಿದು ಹೋಗುತ್ತಿದ್ದರೆ ಗುಡ್ಡಕ್ಕೆ ಏನೂ ಆಗುವುದಿಲ್ಲ. ನೀರು ನಿಂತರೆ ಮಾತ್ರ ಕೇಡು.

“ಭಾವ, ಆ ಗೋಡೆ ಒಡೆಸಿಬಿಡಿ. ಕೆಳಗೆ ಮನುಷ್ಯರು ಇದ್ದಾರೆ,” ಎಂದು ಹೇಳಿ ಹೋದರು.

ಮಳೆ ಹತ್ತಿರ ಬಂದಾಗ ಮತ್ತೆ ಬಂದು ವಿಚಾರಿಸಿದರು.

“ಒಡೆಸಿ ಆಯ್ತಲ್ಲ ಭಾವ!” ಎಂದು ನಕ್ಕ ಗೌರೀಶಂಕರ. “ನಂಬಿಕೆ ಇಲ್ಲದಿದ್ರೆ ಹತ್ತಿ ನೋಡಿ ಬನ್ನಿ.”

ಈಶ್ವರಿ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹೆಣ್ಣು ಕೊಟ್ಟ ಮನೆಯಲ್ಲಿ ಕುಳಿತು, ತಂಗಿಯ ಎದುರಿಗೇ ಅವಳ ಗಂಡನ ಮಾತನ್ನು ಪರೀಕ್ಷೆ ಮಾಡುವುದುಂಟೇ? ಹತ್ತಿ ನೋಡಿದರೆ ‘ನೀನು ಸುಳ್ಳ’ ಎಂದು ಮುಖಕ್ಕೆ ಹೇಳಿದಂತೆಯೇ. ಭಟ್ಟರು ಕಾಫಿ ಕುಡಿದು ಇಳಿದು ಬಂದರು. ಹಸನಬ್ಬನ ಅಂಗಡಿಯಲ್ಲಿ ನಿಂತು, “ಹೆದರ್ಬೇಡ ಮಾರಾಯ, ಇಲ್ಲಿಯೇ ಇರು,” ಎಂದರು. ಒಳಗಿನಿಂದ ಪಾತು, “ಅಲ್ಲಾಹು ನಿಮ್ಮನ್ನು ಚೆನ್ನಾಗಿಡ್ಲಿ,” ಎಂದಳು. ಕಟ್ಟಿಟ್ಟ ಗಂಟುಮೂಟೆಗಳನ್ನು ಅವಳು ಅಂದೇ ಬಿಚ್ಚಿದಳು.

ಮಳೆ ಬಿಡದೆ ಹೊಯ್ಯುವ ಆಟಿ ತಿಂಗಳ ಒಂದು ಬೆಳಿಗ್ಗೆ ಗುಡ್ಡ ಜರಿಯಿತು. ಹಸನಬ್ಬ ಅಂಗಡಿಯಲ್ಲಿದ್ದ, ಉಳಿದ. ಪಾತು ಹಿತ್ತಲಲ್ಲಿ ಆಡಿಗೆ ಸೊಪ್ಪು ಹಾಕುತ್ತಿದ್ದಳು.

ಸುದ್ದಿ ತಿಳಿದ ಕೂಡಲೇ ಭಟ್ಟರು ಬಸ್ಸು ಹಿಡಿದು ಬಂದವರು ನೇರ ಸುರಂಗಕ್ಕೆ ಹತ್ತಿದರು. ಸಿಮೆಂಟಿನ ಗೋಡೆ ಆಗಷ್ಟೇ ಒಡೆದದ್ದು. ಪಿಕ್ಕಾಸಿನ ಗಾಯ ಹಸಿಹಸಿ, ಚೂರುಗಳಿಗೆ ಪಾಚಿ ಕೂಡ ಹಿಡಿದಿಲ್ಲ. ಕೆಮ್ಮಣ್ಣಿನ ನೀರು ಭೋರೆಂದು ಸುರಿಯುತ್ತಿತ್ತು. ಅಂದು ನಕ್ಕಿದ್ದ ಭಾವನ ಮುಖ ನೆನಪಾಗಿ ಅವರ ಮೈ ಉರಿದು ಹೋಯಿತು. ವಿಚಾರಣೆಗೆ ಮಂಗಳೂರಿನಿಂದ ಇಂಜಿನಿಯರು ಬರುವಷ್ಟರಲ್ಲಿ ಒಂದು ಚೂರೂ ಅಲ್ಲಿರಲಿಲ್ಲ.

“ಕಟ್ಟ ಮಳೆಗೆ ಮೊದಲೇ ತೆಗೆಸಿದ್ದೆ. ಭಾವನೇ ಹೇಳಿದ್ರು ಗುಡ್ಡೆ ಗಟ್ಟಿ ಉಂಟು ಅಂತ,” ಎಂದ ಗೌರೀಶಂಕರ. “ಎಂತ ಮಾಡುದು, ಓದಿದವರಿಗೂ ತಪ್ಪುತ್ತದೆ.”

ಭಟ್ಟರು ತಂಗಿಯತ್ತ ತಿರುಗಿದರು. “ಈಶ್ವರೀ, ನೀನು ಹೇಳು.”

ಅವಳು ನೆಲ ನೋಡುತ್ತ, “ಹೌದು, ತೆಗೆಸಿದ್ರು,” ಎಂದಳು. ಎತ್ತಿ ಆಡಿಸಿದ ತಂಗಿ! ಇಂಜಿನಿಯರು ಹೋದ ಮೇಲೆ ಅಣ್ಣನ ಹಿಂದೆ ಅಂಗಳದ ತನಕ ಬಂದು ಅತ್ತಳು. “ನಿನಗೆ ಸರ್ಕಾರದ ಕೆಲಸ ಉಂಟು ಅಣ್ಣ. ನನಗೆ ಇಲ್ಲಿಯೇ ಬಾಳ್ಲಿಕ್ಕೆ ಉಂಟಲ್ಲ.” ಭಟ್ಟರು ಮೆಟ್ಟಿಲಿಳಿದರು. ಆ ಮನೆಯಲ್ಲಿ ಅವರು ಮತ್ತೆ ನೀರು ಮುಟ್ಟಲಿಲ್ಲ.

ಆ ಕೆಲಸ ತಾನೇ ಎಲ್ಲಿ ಉಳಿಯಿತು? ಗುಡ್ಡ ನೋಡುವುದನ್ನು ತಪ್ಪಿಸಿ, ಹಂಚಿನ ಕಾರ್ಖಾನೆಗಳ ಜೇಡಿಮಣ್ಣು ಪರೀಕ್ಷಿಸಲು ಹಾಕಿದರು. ನಿವೃತ್ತಿಯವರೆಗೂ ಅದೇ. ಬಿರುಕು ಕಂಡವರು ಅವರನ್ನು ಹುಡುಕಿ ಬರುವುದು ನಿಂತೇ ಹೋಯಿತು.

ಹಸನಬ್ಬನಿಗಾದರೂ ನಿಜ ಹೇಳಬೇಕು, ಅವನೊಬ್ಬ ನಂಬಿದರೆ ಸಾಕು ಎಂದು ಅವರ ಜೀವ ಒದ್ದಾಡುತ್ತಿತ್ತು. ಆ ವರ್ಷ ಮಳೆ ಬಿಟ್ಟ ಮೇಲೆ, ಪುತ್ತೂರಿನಲ್ಲಿ ಅಣ್ಣನ ಅಂಗಡಿಯಲ್ಲಿ ಕುಳಿತಿದ್ದ ಅವನ ಎದುರು ಎಲ್ಲವನ್ನೂ ಬಿಚ್ಚಿಟ್ಟರು. ಗೋಡೆ, ಸುಳ್ಳು, ತಂಗಿಯ ಸಾಕ್ಷಿ, ಎಲ್ಲ.

“ನನ್ನ ಕುತ್ತಿಗೆ ಕೊಯ್ದರು ಹಸನಬ್ಬ. ನನ್ನವರೇ.”

ಹಸನಬ್ಬ ಕೊನೆಯವರೆಗೂ ಕೇಳಿದ. ಸಿಟ್ಟು ಮಾಡಲಿಲ್ಲ. “ಆ ದಿನ ಸುರಂಗದ ಹತ್ರ ಹೋಗಿ ನೋಡಿದ್ರಾ ಭಟ್ರೆ?”

“ಇಲ್ಲ. ಭಾವ ಹೇಳಿದ ಮೇಲೆ... ತಂಗಿ ಬೇರೆ ಅಲ್ಲೇ ಇದ್ದಳು, ಹೇಗೆ ಹೋಗುದು?”

“ನಿಮ್ಮ ಭಾವ ಯಾರಂತ ಪಾತುವಿಗೆ ಗೊತ್ತೇ ಇರ್ಲಿಲ್ಲ,” ಎಂದ ಹಸನಬ್ಬ. “ಅವಳು ಗಂಟು ಬಿಚ್ಚಿದ್ದು ನಿಮ್ಮ ಮಾತಿಗೆ.”