ಹನಿಯಕ್ಕ ಮತ್ತು ವಾಲ್ವು ಯಜಮಾನರು

ಮೂರನೇ ವಾರ್ಡಿನ ಹಿರಿಯ ನರ್ಸಿನ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಗೊತ್ತು. ಉಳಿದವರಿಗೆಲ್ಲ ಅವಳು ಹನಿಯಕ್ಕ. ಇಪ್ಪತ್ತೆರಡು ವರ್ಷಗಳಿಂದ ಅವಳ ಕಣ್ಣು ರೋಗಿಯ ಮುಖಕ್ಕಿಂತ ಮೊದಲು ಬಾಟಲಿಯ ಕೆಳಗಿನ ಹನಿಯನ್ನು ನೋಡುತ್ತದೆ.

“ಮನೆ ನಲ್ಲಿ ತೊಟ್ಟಿಕ್ಕಿದ್ರೆ ನನ್ನನ್ನ ಬೈತೀಯ, ವಾರ್ಡಲ್ಲಿ ಬಾಟ್ಲಿ ತೊಟ್ಟಿಕ್ಕದಿದ್ರೆ ಅಲ್ಲಿಯವರನ್ನ ಬೈತೀಯ. ಒಂದು ತೀರ್ಮಾನಕ್ಕೆ ಬಾ ತಾಯಿ” ಎಂದು ಗಂಡ ಕೈಮುಗಿಯುವುದುಂಟು.

ಏಳನೇ ಹಾಸಿಗೆಯ ಅಜ್ಜಿಗೆ ರಕ್ತನಾಳ ಸಿಗುವುದೇ ಕಷ್ಟ. ಚುಚ್ಚಿ ಚುಚ್ಚಿ ಎರಡೂ ಕೈ ನೀಲಿಗಟ್ಟಿದ್ದವು. ಕೊನೆಗೆ ಹನಿಯಕ್ಕನೇ ಎಡಗೈಯಲ್ಲಿ ಒಂದನ್ನು ತಡವಿ ಹುಡುಕಿ, ನಳಿಕೆ ಕೂರಿಸಿದ್ದಳು.

“ಇನ್ನು ಚುಚ್ಚಲ್ಲ ಅಲ್ವೇನಮ್ಮಾ?”

“ಇಲ್ಲಜ್ಜಿ, ನನ್ನಾಣೆ.”

ಆಣೆ ಇಡುವುದು ಸುಲಭ. ಅದನ್ನು ಉಳಿಸಿಕೊಳ್ಳಬೇಕಾದರೆ ಔಷಧಿಯಿಲ್ಲದ ಹೊತ್ತಿನಲ್ಲೂ ನಳಿಕೆಯಲ್ಲಿ ಸಲೈನ್ ಹನಿಹನಿಯಾಗಿ ಹರಿಯುತ್ತಿರಬೇಕು. ನಿಂತರೆ ರಕ್ತ ಹಿಂದಕ್ಕೆ ನುಗ್ಗಿ, ಹೆಪ್ಪುಗಟ್ಟಿ, ದಾರಿ ಮುಚ್ಚುತ್ತದೆ.

ಅಜ್ಜಿಯ ಗಂಡ ನೀರು ಸರಬರಾಜಿನಲ್ಲಿ ಮೂವತ್ತೈದು ವರ್ಷ ವಾಲ್ವು ತಿರುಗಿಸಿದವರು. ಊರು ಮುಖ ತೊಳೆಯುವುದೇ ತಮ್ಮ ಕೃಪೆಯಿಂದ ಎಂಬ ನಂಬಿಕೆ ಅವರ ಜೊತೆ ನಿವೃತ್ತಿಯಾಗಿರಲಿಲ್ಲ. ಆ ಮಧ್ಯಾಹ್ನ ಔಷಧಿಯ ಚಿಕ್ಕ ಬಾಟಲಿ ಖಾಲಿಯಾಯಿತು. ಸಲೈನಿನ ದೊಡ್ಡದು ಮಾತ್ರ ತೊಟ್ ತೊಟ್ ಎನ್ನುತ್ತಿತ್ತು. ಯಜಮಾನರ ಕೈ ಕೇಳಬೇಕಲ್ಲ? ಎದ್ದು, ನಳಿಕೆಯ ಪುಟ್ಟ ಚಕ್ರವನ್ನು ಬಿಗಿಯಾಗಿ ತಿರುಗಿಸಿ, ಕರ್ತವ್ಯ ಮುಗಿಸಿದವರಂತೆ ಕೂತರು.

ಹನಿಯಕ್ಕ ಬಂದಾಗ ಹನಿ ನಿಂತಿತ್ತು. ಅಜ್ಜಿಯ ಕೈಯಿಂದ ನಳಿಕೆಗೆ ಕೆಂಪು ಏರಿತ್ತು.

“ಯಾರ್ರೀ ನಿಲ್ಲಿಸಿದ್ದು?”

“ನಾನೇ!” ಯಜಮಾನರು ಎದೆಯುಬ್ಬಿಸಿದರು. “ಔಷಧಿ ಮುಗಿದ್ಮೇಲೂ ಬರೀ ನೀರು ಸೋರ್ತಿತ್ತು ಸಿಸ್ಟರ್. ನನ್ನ ಸರ್ವೀಸಲ್ಲಿ ಒಂದು ಹನಿ ಪೋಲಾಗೋಕೆ ಬಿಟ್ಟೋನಲ್ಲ ನಾನು.”

“ಆ ನೀರೇ ದಾರಿ ಕಾಯ್ತಿತ್ತು ಯಜಮಾನ್ರೇ. ಕಟ್ಕೊಂಡಿದ್ರೆ ಅಜ್ಜಿಗೆ ಮತ್ತೆ ಚುಚ್ಚಬೇಕು.”

ಉಬ್ಬಿದ ಎದೆ ಗಾಳಿ ಹೋದ ಚೆಂಡಾಯಿತು.

ಸಲೈನನ್ನು ಜೋರಾಗಿ ಒತ್ತಿದರೆ ಹೆಪ್ಪು ರಕ್ತನಾಳದೊಳಗೆ ಹೋದೀತು. ಹನಿಯಕ್ಕ ಖಾಲಿ ಸಿರಿಂಜ್ ಸಿಕ್ಕಿಸಿ ಮೆಲ್ಲಗೆ ಹಿಂದಕ್ಕೆಳೆದಳು. ಏನೂ ಬರಲಿಲ್ಲ. ಅಜ್ಜಿ ಕಣ್ಣುಮುಚ್ಚಿ ಗಂಡನ ಬೆರಳು ಹಿಡಿದರು. ಮತ್ತೊಮ್ಮೆ ಎಳೆದಳು. ಸಾಸಿವೆಯಷ್ಟು ಕಪ್ಪು ಚೂರು ಬಂತು, ಬೆನ್ನಿಗೇ ತಿಳಿ ಕೆಂಪು. ಬೇರೆ ಸಿರಿಂಜಿನಿಂದ ಸಲೈನ್ ಬಿಟ್ಟಳು, ಕೈ ಊದಲಿಲ್ಲ; ದಾರಿ ತೆರೆದಿತ್ತು. ಚಕ್ರ ಸಡಿಲಿಸಿದಳು. ತೊಟ್.

ಅಂದಿನಿಂದ ಯಜಮಾನರು ಸ್ಟೂಲು ಬಿಟ್ಟು ಕದಲಲಿಲ್ಲ. ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರು, ಹಿಂದೆ ಆರು ಜನ ಚಿಕ್ಕ ಡಾಕ್ಟರುಗಳನ್ನು ನಿಲ್ಲಿಸಿಕೊಂಡು, ಚಕ್ರದತ್ತ ಕೈ ಚಾಚಿದರೆ, “ಸಿಸ್ಟರನ್ನ ಕೇಳಿ ಮುಟ್ಟಿ ಸಾರ್” ಎಂದು ತಡೆದರು.

“ನಮ್ಮ ಮದುವೆ ದಿನಾನೂ ಇಷ್ಟೊತ್ತು ಪಕ್ಕದಲ್ಲಿ ಕೂತಿರ್ಲಿಲ್ಲಮ್ಮ ಇವರು” ಎಂದರು ಅಜ್ಜಿ.

ಮೂರನೇ ದಿನ ಕೊಡಬೇಕಾದ ಔಷಧಿಯೆಲ್ಲ ಮುಗಿಯಿತು. ಅಜ್ಜಿಗೆ ಮತ್ತೆ ಒಂದು ಸಲವೂ ಚುಚ್ಚಿರಲಿಲ್ಲ. ನಳಿಕೆ ತೆಗೆಯಲು ಬಂದ ಹನಿಯಕ್ಕ ಪಕ್ಕಕ್ಕೆ ಸರಿದು ನಿಂತಳು.

“ಈಗ ನೀವೇ ನಿಲ್ಲಿಸಿ ಯಜಮಾನ್ರೇ.”

ಅವರು ಹೆಂಡತಿಯ ಮುಖ ನೋಡಿದರು. ತೂಗುತ್ತಿದ್ದ ಹನಿ ಬೀಳುವವರೆಗೆ ಕಾದು, ಚಕ್ರ ತಿರುಗಿಸಿದರು.