ಅಂಗೈಯಲ್ಲಿ ಅರ್ಧ ತಾಸು

ನ್ಯೂ ಇಯರ್‌ಗೆ ಯೋಗ ಶುರುಮಾಡುತ್ತೇವೆ ಎಂದು ಯಾರಾದರೂ ಅಂದರೆ ನನಗೆ ಮೊದಲು ನೆನಪಾಗುವುದು ದಣಿವು.

ಕಾನ್ವೆಂಟಿನಲ್ಲಿ ಕ್ರಿಸ್‌ಮಸ್ ರಜೆಗೆ ಮುಂಚೆ ಸಿಸ್ಟರ್ ನಮ್ಮೆಲ್ಲರಿಂದ ಒಂದೊಂದು ರೆಸಲ್ಯೂಷನ್ ಹೇಳಿಸುತ್ತಿದ್ದರು. ಇನ್ನು ಸುಳ್ಳು ಹೇಳುವುದಿಲ್ಲ, ದಿನಾ ಡಿಕ್ಷನರಿಯಲ್ಲಿ ಹೊಸ ಪದ ನೋಡುತ್ತೇನೆ ಎಂದೆಲ್ಲ ಕೈಕಟ್ಟಿ ನಿಂತು ಹೇಳುತ್ತಿದ್ದೆ. ಕಲಬುರಗಿ ಬಿಟ್ಟು ಆಳಂದಕ್ಕೆ ಸೊಸೆಯಾಗಿ ಬಂದ ಮೇಲೆ ಆ ರೂಢಿ ತಪ್ಪಿತು. ಜನವರಿ ಒಂದು ಅಂದರೆ ಗೋಡೆಯ ಕ್ಯಾಲೆಂಡರ್ ಬದಲಾಗುವ ದಿನ, ಅಷ್ಟೆ.

ಎಂಬತ್ತರ ದಶಕದ ಒಂದು ವರ್ಷ, ರಿಟೈರ್ ಆಗಿದ್ದ ಡ್ರಿಲ್ ಮಾಸ್ತರರೊಬ್ಬರು ಹೊಸ ವರ್ಷಕ್ಕೆ ಹೆಂಗಸರಿಗಾಗಿ ಯೋಗ ಕ್ಯಾಂಪ್ ಇಡುತ್ತಾರೆಂದು ಸುದ್ದಿ ಬಂತು. ಬೆಳಗ್ಗೆ ಆರಕ್ಕೆ, ಶಾಲೆಯ ಹಾಲ್‌ನಲ್ಲಿ. ಕೊನೆಗೆ ಒಂದು ಒಳ್ಳೆಯ ಸಂಕಲ್ಪವನ್ನೂ ಮಾಡಿಸುತ್ತಾರಂತೆ. ನಿಜ ಹೇಳಬೇಕೆಂದರೆ ನನಗೆ ಯೋಗದ ಆಸೆ ಅಷ್ಟಾಗಿ ಇರಲಿಲ್ಲ. ಆ ಮನೆಗೆ ಬಂದಾಗಿನಿಂದ, ಎದ್ದ ಗಳಿಗೆಯಿಂದ ಮಲಗುವ ತನಕ, ಯಾರೂ ನನ್ನನ್ನು ಕರೆಯದ ಅರ್ಧ ತಾಸು ನನಗೆ ಸಿಕ್ಕಿರಲಿಲ್ಲ. ಚಹಾಕ್ಕೆ ಒಬ್ಬರು, ಟಾವೆಲ್‌ಗೆ ಒಬ್ಬರು, ಹೊಲದಿಂದ ಬಂದವರ ರೊಟ್ಟಿಗೆ ಇನ್ನೊಬ್ಬರು. ಆ ಅರ್ಧ ತಾಸು ನನಗೆ ಬೇಕಾಗಿತ್ತು.

“ಅತ್ತಿ, ಮುಂಜಾನೆ ಯೋಗಕ್ಕ ಹೋಗಿ ಬರ್ತೇನ್ರಿ,” ಎಂದು ಕೇಳಿದೆ.

“ಹೋಗವ್ವಾ. ನಿಮ್ಮ ಮಾಸ್ತರನ್ನ ಇಲ್ಲಿ ಒಲಿ ಮುಂದ ಕಳಸು. ತಲಿ ಕೆಳಗ ಮಾಡಿ ನಿಂತು ರೊಟ್ಟಿ ಬಡೀಲಿ,” ಅಂದರು ಅತ್ತೆ. ಬೇಡ ಅನ್ನಲಿಲ್ಲ, ಅದೇ ದೊಡ್ಡದು.

ಆ ವರ್ಷ ಎಳ್ಳ ಅಮಾವಾಸ್ಯೆಯೂ ಕ್ಯಾಂಪ್ ಶುರುವಾಗುವ ಹಿಂದಿನ ದಿನವೇ ಬಿದ್ದಿತ್ತು. ನಮ್ಮ ಕಡೆ ಅಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆ ಹಿಡಿದು, ಎಡೆಯ ತುತ್ತುಗಳನ್ನು ಬೆಳೆಯ ಮೇಲೆ ಚರಗವೆಂದು ಚೆಲ್ಲಿ, ಬಂದವರಿಗೆಲ್ಲ ಉಣ್ಣಿಸಬೇಕು. ಸಜ್ಜೆ ರೊಟ್ಟಿ ಬಡಿದು, ಸೊಪ್ಪು ಕಾಳು ಹಾಕಿ ಭಜ್ಜಿ ಕುದಿಸಿ, ಬುಟ್ಟಿ ಕಟ್ಟಿ, ನರೋಣಾದ ಹಾದಿಯಲ್ಲಿದ್ದ ಹೊಲಕ್ಕೆ ಹೋಗಿ ಬಂದು ಪಾತ್ರೆ ತಿಕ್ಕಿದ ಮೇಲೆ ನನ್ನ ಬೆನ್ನು ನನ್ನ ಮಾತು ಕೇಳುತ್ತಿರಲಿಲ್ಲ.

ಆದರೂ ಹೋದೆ. ಸೀರೆಯ ಮೇಲೆ ಗಂಡನ ಸ್ವೆಟರ್, ಕಂಕುಳಲ್ಲಿ ಚಾಪೆ. ಮಾಸ್ತರರು ಕೈ ಎತ್ತಿಸಿದರು, ಬಗ್ಗಿಸಿದರು, ಕಡೆಗೆ ಶವಾಸನಕ್ಕೆ ಮಲಗಿಸಿದರು.

“ಕಣ್ಣ ಮುಚ್ರಿ. ಈ ವರ್ಷ ನಿಮಗೇನ್ ಬೇಕು, ಒಂದೇ ಒಂದು ಮನಸ್ನ್ಯಾಗ ಇಟ್ಕೊರ್ರಿ. ಬರೇ ನಿಮಗ. ಮನಿಯವರಿಗಲ್ಲ ಮತ್ತ!”

ಹುಡುಕಿದೆ. ಗಂಡನ ಬಿ.ಪಿ., ಮಗಳ ಮೆಟ್ರಿಕ್, ಅತ್ತೆಯ ಮಂಡಿನೋವು. ಬಂದದ್ದೆಲ್ಲ ಬೇರೆಯವರದೇ. ಪಾಸಿಟಿವ್ ಆಗಿ ವಿಚಾರ ಮಾಡ್ರಿ ಅನ್ನುತ್ತಿದ್ದ ಮಾಸ್ತರರ ದನಿ ಹಾಗೇ ದೂರವಾಗುತ್ತ ಹೋಯಿತು.

ಎಚ್ಚರವಾದಾಗ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ನಾನು ಗೊರಕೆ ಹೊಡೆದಿದ್ದೆನಂತೆ.

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು.

“ಏನ್ ಬೇ, ಮನ್ಯಾಗ ಹಾಸಿಗಿ ಇರ್ಲಿಲ್ಲೇನು?” ಅಂದರು ಅತ್ತೆ.

ನಗಲು ಹೋದೆ, ಅಳು ಬಂತು. “ನಾಳಿಂದ ಹೋಗಂಗಿಲ್ರಿ. ನನಗಂತ ಏನ್ ಬೇಕು ಅಂತ ನೆನಸಾಕೂ ಆಗ್ಲಿಲ್ಲ.”

ಅವರು ಒಲೆಯ ಮೇಲಿನ ಹಾಲು ಇಳಿಸಿದರು.

ಮರುದಿನ ಬೆಳಗ್ಗೆ ಸ್ನಾನ ಮುಗಿಸಿ ಅತ್ತೆಯ ಪಕ್ಕ ಲಿಂಗಪೂಜೆಗೆ ಕುಳಿತೆ. ಎಡ ಅಂಗೈಯಲ್ಲಿ ಇಷ್ಟಲಿಂಗ, ಒಂದಿಷ್ಟು ನೀರು, ವಿಭೂತಿ, ಹೂವು. ನನ್ನದು ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಅತ್ತೆ ಮಾತ್ರ ಬಿಸಿಲು ಅಂಗಳಕ್ಕೆ ಇಳಿಯುವ ತನಕ ಕೂರುತ್ತಿದ್ದರು. ಅವರ ಭಕ್ತಿ ದೊಡ್ಡದು, ನನಗೆಲ್ಲಿ ಬರಬೇಕು ಎಂದುಕೊಂಡಿದ್ದೆ. ಅಂದು ನಾನು ಲಿಂಗ ಕಟ್ಟಿಕೊಂಡು ಏಳಲು ಹೊರಟಾಗ ಅವರು ಮೆಲ್ಲಗೆ ಕೇಳಿದರು:

“ಎಲ್ಲಿಗಿ? ಅಂಗೈಯಾಗ ಲಿಂಗ ಇರೂತನಕ ಈ ಮನ್ಯಾಗ ಯಾರೂ ಕರಿಯಂಗಿಲ್ಲ. ನನ್ನ ಮಾವ ಎಂಥಾ ಸಿಟ್ಟಿನ ಮನಷ್ಯಾ, ಅವರೂ ಕರೀತಿರ್ಲಿಲ್ಲ.”

“ಒಲಿ ಹಚ್ಚಬೇಕಲ್ರಿ ಅತ್ತಿ...”

“ಇಷ್ಟೊತ್ತೂ ನಾ ಶಿವನ ಕೂಡ ಮಾತಾಡ್ತೇನಂತ ತಿಳದಿಯೇನು? ಮೊದಲಿನ ಐದು ನಿಮಿಷ ಅವಂದು. ಉಳದಿದ್ದ ಹೊತ್ತು ನಂದು. ಹೊಳ್ಳಿ ಕುಂದ್ರು.”

ದಿನಾ ಬೆಳಗ್ಗೆ ಆ ಬಾಗಿದ ಬೆನ್ನನ್ನು ದಾಟಿಕೊಂಡೇ ಓಡಾಡಿದ್ದೆ. ಅದು ಅಲ್ಲಿ ದಣಿವಾರಿಸಿಕೊಳ್ಳುತ್ತಿತ್ತು.

ಲಿಂಗವನ್ನು ಮತ್ತೆ ಅಂಗೈಗೆ ತೆಗೆದುಕೊಂಡೆ. ಅಷ್ಟರಲ್ಲಿ ಗಂಡನ ಕೂಗು: “ಏ, ಚಹಾ ಆತೇನು?” ಬಾಗಿಲ ತನಕ ಬಂದವರು ನಮ್ಮಿಬ್ಬರ ಅಂಗೈ ನೋಡಿ ನಾಲಿಗೆ ಕಚ್ಚಿಕೊಂಡು ಹಿಂದೆ ಸರಿದರು. ಅಡುಗೆಮನೆಯಲ್ಲಿ ಡಬ್ಬಿಗಳ ಸಪ್ಪಳ ಶುರುವಾಯಿತು. ಒಂದು ಮುಚ್ಚಳ ನೆಲಕ್ಕೆ ಬಿದ್ದು ಉರುಳಿತು. ನನ್ನ ಮೊಣಕಾಲು ತಾನಾಗಿಯೇ ಏಳಹೊರಟಿತು.

ಅತ್ತೆ ಕಣ್ಣೆತ್ತದೆ, “ಹುಡುಕ್ಲಿ,” ಅಂದರು.

ಬೆನ್ನು ಇನ್ನೂ ನೋಯುತ್ತಿತ್ತು. ಅಂಗೈಯಲ್ಲಿ ಲಿಂಗ ನಿಧಾನವಾಗಿ ಬೆಚ್ಚಗಾಗುತ್ತಿತ್ತು. ಚಹಾಪುಡಿಯ ಡಬ್ಬಿ ಅವರಿಗೆ ಬೇಗ ಸಿಗದಿರಲಿ ಎಂದುಕೊಂಡೆ. ಆ ವರ್ಷ ನಾನು ನನಗಾಗಿ ಬೇಡಿಕೊಂಡದ್ದು ಅದೊಂದೇ.