ಕೀರ್ತಿಗೋಡೆಯ ಮೇಲೆ ಜಯಕ್ಕ

ಮೊನ್ನೆ ಬಸವೇಶ್ವರನಗರದ ನಮ್ಮ ಮನೆಯ ಸಂಪು ತೊಳೆಸಿದೆ. ತೊಳೆಯಲು ಬಂದಾತ ಕೆಸರೆಲ್ಲ ಎತ್ತಿಹಾಕಿ, ಗೋಡೆ ಉಜ್ಜಿ, ಕೊನೆಗೆ ಬ್ಲೀಚಿಂಗ್ ಪೌಡರ್ ಎರಚಿ, "ಆಂಟಿ, ಸ್ವಲ್ಪ ಹೊತ್ತು ಮುಚ್ಚಬೇಡಿ, ಗಾಳಿ ಆಡ್ಲಿ" ಎಂದು ಹೇಳಿ ಹೋದ. ಆ ವಾಸನೆ ಅಡುಗೆಮನೆಯವರೆಗೂ ಬಂತು. ನಿಮಗಾದರೆ ಆಸ್ಪತ್ರೆಯ ಓಣಿಯೋ, ಬಸ್ ನಿಲ್ದಾಣದ ಶೌಚಾಲಯವೋ ನೆನಪಾಗಬಹುದು. ನನಗೆ ನೆನಪಾಗುವುದು ಒದ್ದೆ ಸಿಮೆಂಟಿನ ಮೆಟ್ಟಿಲು, ಮಡಿಲಲ್ಲಿ ಮಡಿಸಿಟ್ಟ ಟವಲು ಮತ್ತು ತಲೆಯ ಮೇಲೆ ಎಲ್ಲೋ ಎತ್ತರದಲ್ಲಿ ಹಲಗೆಯೊಂದು ದಡಬಡ ಅದುರುವ ಸದ್ದು. ಆ ಹಲಗೆಯ ತುದಿಯಲ್ಲಿ ನಿಂತಿರುತ್ತಿದ್ದವಳು ಜಯಕ್ಕ, ನನ್ನ ದೊಡ್ಡಪ್ಪನ ಒಬ್ಬಳೇ ಮಗಳು.

ಮೊದಲೇ ಹೇಳಿಬಿಡುತ್ತೇನೆ, ನನಗೆ ಈಜು ಬರುವುದಿಲ್ಲ. ಸಂಪಿನೊಳಗೆ ಇಣುಕಬೇಕಾದರೂ ಗೋಡೆ ಹಿಡಿದುಕೊಳ್ಳುವ ಪುಕ್ಕಲು ಜೀವ ನನ್ನದು. ಆದರೂ ಯಾರಾದರೂ ಈಜಿನ ಮಾತೆತ್ತಿದರೆ "ನಮ್ಮದು ಈಜಿನ ಮನೆತನ" ಎಂದುಬಿಡುತ್ತೇನೆ. ಮನೆತನದಲ್ಲಿ ಈಜಿದ್ದು ಅವಳೊಬ್ಬಳೇ. ನಾನು ಅವಳ ಟವಲು ಕಾದವಳು. ಒಂದು ಹೆಣ್ಣು ಈಜುಡುಪು ಹಾಕಿಕೊಂಡು ಗಂಡಸರ ಮುಂದೆ ನಿಲ್ಲಬೇಕಾದರೆ ಜೊತೆಗೆ ಇನ್ನೊಂದು ಹೆಣ್ಣು ಇರಲಿ ಎಂಬುದು ಮನೆಯವರ ಲೆಕ್ಕ. ಆ ಇನ್ನೊಂದು ಹೆಣ್ಣಿಗೆ ಬುದ್ಧಿ ಬಲಿತಿರಬೇಕು ಎಂದೇನೂ ಇರಲಿಲ್ಲ. ನಾನು ಕಡಲೆಕಾಯಿ ತಿನ್ನುತ್ತ ಕೂತಿರುತ್ತಿದ್ದೆ.

ನಮ್ಮದು ಮಲ್ಲತ್ತಹಳ್ಳಿ. ಕೆರೆಯ ಕೆಳಗೆ ದೊಡ್ಡಪ್ಪನ ತರಕಾರಿ ತೋಟವಿತ್ತು, ತೋಟದ ನಡುವೆ ಮೆಟ್ಟಿಲಿನ ಬಾವಿ. ಈಗ ಅಲ್ಲಿ ನಾಲ್ಕು ಮಹಡಿಯ ಬಾಡಿಗೆ ಮನೆಗಳಿವೆ. ಬಾವಿ ಯಾವ ಮನೆಯ ಪಾರ್ಕಿಂಗ್ ಅಡಿಯಲ್ಲಿದೆಯೆಂದು ನನಗೂ ಗೊತ್ತಾಗುವುದಿಲ್ಲ. ನನ್ನ ಅಪ್ಪ ಬೇಗ ತೀರಿಕೊಂಡಿದ್ದರಿಂದ ನನ್ನನ್ನೂ ಅಮ್ಮನನ್ನೂ ಸಾಕಿದ್ದು ದೊಡ್ಡಪ್ಪನೇ. ಅವರು ಮಗಳ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಬಾವಿಗೆ ಇಳಿಸಿದರು. ಕೆಲವೇ ದಿನಕ್ಕೆ ಬುರುಡೆ ಬಿಚ್ಚಿ ಬಿಸಾಡಿದ ಅವಳು ಮೆಟ್ಟಿಲಿನಿಂದ, ಕಟ್ಟೆಯಿಂದ, ಆಮೇಲೆ ಬಾವಿಗೆ ಬಾಗಿದ್ದ ತೆಂಗಿನ ಮರದಿಂದ ಹಾರತೊಡಗಿದಳು. ಊರವರು ಬಂದು, "ಹೆಣ್ಣು ಮಗೀನ ಹಿಂಗ್ ಬಿಟ್ರೆ ನಾಳೆ ಯಾರು ಮಾಡ್ಕೊತಾರೆ ಗೌಡ್ರೇ" ಎಂದರೆ ದೊಡ್ಡಪ್ಪ ಬೀಡಿ ಆರಿಸಿ, "ಮಾಡ್ಕೊಳೋನು ಈಜು ಕಲ್ತ್ಕೊಂಡ್ ಬರ್ಲಿ ಬಿಡಿ" ಎನ್ನುತ್ತಿದ್ದರು. ಪೇಟೆಯ ಈಜುಕೊಳಕ್ಕೆ ಅವಳನ್ನು ಸೇರಿಸಿದವರೂ ಅವರೇ. ಅವಳು ರಾಜ್ಯಕ್ಕೆ ಮೊದಲಿಗಳಾಗಿ, ಬೇರೆ ರಾಜ್ಯಗಳಿಗೆ ಹೋಗಿ ಗೆದ್ದು ಬಂದಾಗ ಕಪ್ಪನ್ನು ಎತ್ತಿನ ಕೊಟ್ಟಿಗೆಗೂ ಒಯ್ದು ಎತ್ತುಗಳಿಗೆ ತೋರಿಸಿದವರು ಅವರು. ನಾನು ಕಣ್ಣಾರೆ ಕಂಡಿದ್ದೇನೆ.

ಡೈವಿಂಗ್ ಎಂಬುದು ವಿಚಿತ್ರವಾದ ಆಟ. ಓಡುವವರಿಗೆ ಓಡಿದ ದಾರಿ ಉಳಿಯುತ್ತದೆ. ಇದರಲ್ಲಿ ಚೆನ್ನಾಗಿ ಹಾರಿದಷ್ಟೂ ನೀರಿನ ಮೇಲೆ ಗುರುತು ಕಮ್ಮಿ. ಜಯಕ್ಕ ಬಿದ್ದರೆ ನೀರು ಬಾಯಿ ತೆರೆದು ಮುಚ್ಚಿದಂತಾಗುತ್ತಿತ್ತು, ಅಷ್ಟೆ. ನಾನು ಕಡಲೆಕಾಯಿ ಬಿಡಿಸಿ ತಲೆ ಎತ್ತುವಷ್ಟರಲ್ಲಿ ಆಟ ಮುಗಿದಿರುತ್ತಿತ್ತು.

ಆದರೆ ಒಂದು ಸಲ ಮಾತ್ರ ಕಣ್ಣು ಮಿಟುಕಿಸದೆ ನೋಡಿದೆ. ಆ ಬೇಸಿಗೆ ಕೊಳ ಸೋರುತ್ತಿದೆಯೆಂದು ನೀರು ಖಾಲಿ ಮಾಡಿ ರಿಪೇರಿ ಮಾಡಿಸಿದ್ದರು. ಮತ್ತೆ ತುಂಬಲು ಶುರುಮಾಡಿದ್ದರಷ್ಟೇ, ಮಂತ್ರಿಯೊಬ್ಬರು ನೋಡಲು ಬಂದರು. ಬ್ಲೀಚಿಂಗ್ ಪೌಡರ್ ಬೆರೆತ ನೀರು ಹಾಲಿನಂತೆ ಮಬ್ಬಾಗಿತ್ತು, ತಳ ಕಾಣುತ್ತಿರಲಿಲ್ಲ. ಆದರೆ ಗೋಡೆಯಲ್ಲಿ ನೀರು ಎಲ್ಲಿಗೆ ಬರಬೇಕೋ ಅಲ್ಲಿಗೆ ಬಂದಿಲ್ಲವೆಂಬುದು ನನ್ನಂಥವಳಿಗೂ ಕಾಣುತ್ತಿತ್ತು. ಜಯಕ್ಕ ಈಜು ಸಂಘದ ಕಾರ್ಯದರ್ಶಿಯ ಹತ್ತಿರ ಹೋಗಿ, "ಸಾರ್, ನೀರು ಕಮ್ಮಿ ಇದೆ" ಎಂದಳು. ಕಾರ್ಯದರ್ಶಿ ಮಂತ್ರಿಯ ಕಡೆಯಿಂದ ಕಣ್ಣು ಕೀಳದೆ, "ಸಿಂಪಲ್ಲಾಗಿ ಒಂದೇ ಒಂದು ಹಾರಮ್ಮ. ಅವರು ಆಗ್ಲೇ ವಾಚ್ ನೋಡ್ತಾ ಇದಾರೆ" ಎಂದರು.

ಅವಳು ಹಾರಿದಳು. ನೀರು ಎಂದಿನಂತೆ ಬಾಯಿ ತೆರೆದು ಮುಚ್ಚಿತು. ಮಂತ್ರಿಗಳು ಚಪ್ಪಾಳೆ ತಟ್ಟಿದರು. ಆಮೇಲೆ ಅವಳು ಮೇಲೆ ಬರಲಿಲ್ಲ.

ಇಬ್ಬರು ಧುಮುಕಿ ಎತ್ತಿ ತಂದರು. ಕತ್ತಿನ ಮೂಳೆ ಬಿರುಕುಬಿಟ್ಟಿತ್ತು. ಜೀವ ಉಳಿದದ್ದೇ ಪುಣ್ಯ, ಕೈಕಾಲು ಉಳಿದದ್ದು ಅದಕ್ಕಿಂತ ದೊಡ್ಡ ಪುಣ್ಯ ಎಂದರು ಡಾಕ್ಟರು. ತಿಂಗಳುಗಟ್ಟಲೆ ಪಟ್ಟಿ ಕಟ್ಟಿಕೊಂಡು ಮಲಗಿದಳು. ಎದ್ದ ಮೇಲೆ ಕತ್ತು ಮತ್ತೆಂದೂ ತಿರುಗಲಿಲ್ಲ. ಇವತ್ತಿಗೂ ಹಿಂದಿನಿಂದ ಕರೆದರೆ ಅವಳು ಮೈಯೆಲ್ಲ ತಿರುಗಿಸಿಯೇ ನೋಡುವುದು. ಗೊತ್ತಿಲ್ಲದವರು ಜಂಬವೆಂದುಕೊಳ್ಳುತ್ತಾರೆ. ಅದಾದ ಎರಡು ವರ್ಷಕ್ಕೆ ಮದುವೆಯಾಯಿತು. ಭಾವ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದವರು, ಮಾತು ಕಮ್ಮಿ. ಕೆಂಗೇರಿ ಉಪನಗರದಲ್ಲಿ ಮನೆ ಮಾಡಿದರು. ಅವಳ ಕಪ್ಪುಗಳು ಮಲ್ಲತ್ತಹಳ್ಳಿ ಮನೆಯ ಅಟ್ಟ ಸೇರಿದವು. ಕೊಳದ ಗೋಡೆಯಲ್ಲಿದ್ದ ಅವಳ ಡೈವಿಂಗ್ ಫೋಟೋಗಳನ್ನು ಸಂಘದವರೇ ಕಳೆದುಹಾಕಿದರೆಂದು ನಾವು ನಂಬಿಕೊಂಡೆವು.

ಜಯಕ್ಕ ಕಹಿಯ ಹೆಂಗಸಲ್ಲ. ಆದರೆ ಕಾರ್ಯದರ್ಶಿಯ ಸುದ್ದಿ ಬಂದರೆ ಅವಳ ಬಾಯಿ ಸಣ್ಣಗಾಗುತ್ತಿತ್ತು. ಅವರು ಆಮೇಲೆ ಅಧ್ಯಕ್ಷರಾದರು, ದೊಡ್ಡ ದೊಡ್ಡ ಕಡೆ ಓಡಾಡಿದರು. ಪೇಪರಿನಲ್ಲಿ ಅವರ ಫೋಟೋ ಕಂಡರೆ ಆ ಹಾಳೆಯನ್ನು ಅವಳು ತೆಗೆದಿಟ್ಟು ಕಡಲೆಬೇಳೆ ಒಣಗಿಸಲು ಬಳಸುತ್ತಿದ್ದಳು. ಅದು ಅವಳ ಸೇಡು.

ಈ ವರ್ಷ ಅವಳಿಗೊಂದು ಫೋನ್ ಬಂತು. ಹಳೆಯ ಜಲಕ್ರೀಡಾಪಟುಗಳಿಗೆಂದು ಒಂದು ಹಾಲ್ ಆಫ್ ಫೇಮ್ ಮಾಡುತ್ತಿದ್ದಾರಂತೆ. ಕೊಳದ ಓಣಿಯ ಗೋಡೆಯಲ್ಲಿ ಫೋಟೋ, ಕೆಳಗೆ ನಾಲ್ಕು ಸಾಲು. ರಾಜಾಜಿನಗರದ ಒಂದು ಕಲ್ಯಾಣ ಮಂಟಪದಲ್ಲಿ ಸಮಾರಂಭ. "ಫೋಟೋ ಕಳಿಸಿ ಮೇಡಂ" ಎಂದರಂತೆ. ಡೈವಿಂಗ್ ಫೋಟೋ ಒಂದೂ ಇರಲಿಲ್ಲ. ಮದುವೆಯದನ್ನೇ ಕಳಿಸಿದಳು. "ಹೋಗೋಣ ಕಣೇ, ಟವಲ್ ತರೋದು ಬೇಡ, ನೀನು ಬಂದ್ರೆ ಸಾಕು" ಎಂದು ನನ್ನನ್ನೂ ಕರೆದಳು. ಹೊಸ ಸೀರೆ ತೆಗೆದುಕೊಂಡಿದ್ದಳು. ಅವಳ ಧ್ವನಿಯಲ್ಲಿದ್ದ ಆಸೆ ಕೇಳಿ ನನಗೆ ಭಯವೇ ಆಯಿತು.

ಭಾನುವಾರ ಬೆಳಿಗ್ಗೆ ಭಾವನೂ ಸೇರಿ ಮೂವರೂ ಹೋದೆವು. ಸಾಧಕರನ್ನೆಲ್ಲ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಸಮುದ್ರ ಈಜಿದವರೊಬ್ಬರು ಎರಡು ಹೆಜ್ಜೆಗೆ ಏದುಸಿರು ಬಿಡುತ್ತಿದ್ದರು. ವಾಟರ್ ಪೋಲೋದಲ್ಲಿ ಗೋಲ್ ಕೀಪರ್ ಆಗಿದ್ದವರಿಗೆ ಮಂಡಿ ಹೋಗಿ ವೇದಿಕೆ ಹತ್ತಲು ಇಬ್ಬರ ಹೆಗಲು ಬೇಕಾಯಿತು. ಪರದೆಯ ಮೇಲೆ ಒಬ್ಬೊಬ್ಬರ ಫೋಟೋ ಬರುತ್ತಿತ್ತು: ಟೋಪಿ, ಕನ್ನಡಕ, ನೀರು ಸೋರುವ ಮುಖ. ಆಮೇಲೆ ಮೊಗ್ಗಿನ ಜಡೆ, ಹಣೆಗೆ ಬಾಸಿಂಗ, ಕೊರಳಿಗೆ ಹಾರ ಹಾಕಿಕೊಂಡ ಜಯಕ್ಕ ಬಂದಳು. ಸಭೆಯಲ್ಲಿ ಯಾರೋ ನಕ್ಕರು. ನಿರೂಪಕಿ ಓದಿದಳು: "ವಿವಾಹಾನಂತರ ಕ್ರೀಡೆಯಿಂದ ಸ್ವಇಚ್ಛೆಯಿಂದ ನಿವೃತ್ತಿ."

ಶಾಲು, ಪೇಟ, ಹಣ್ಣಿನ ಬುಟ್ಟಿ, ಫಲಕ. ಫೋಟೋದವನು "ಮೇಡಂ, ಈ ಕಡೆ ನೋಡಿ" ಎಂದ. ಅವಳು ಇಡೀ ಮೈ ತಿರುಗಿಸಿದಳು. ಬುಟ್ಟಿ ಅತಿಥಿಗಳಿಗೆ ತಾಗಿ ಒಂದು ಸೇಬು ಉರುಳಿತು. ಸಾಧಕರಿಗೆ ಮಾತಾಡುವ ಅವಕಾಶವಿರಲಿಲ್ಲ.

ಕೊನೆಯ ಗೌರವ ಜೀವಮಾನದ ಸೇವೆಗೆ. ನಮ್ಮ ಕಾರ್ಯದರ್ಶಿಗೆ. ಈಗ ಊರುಗೋಲು ಹಿಡಿದ ಮುದುಕ. ಅವರಿಗೆ ಮೈಕು ಕೊಟ್ಟರು. ಹಳೆಯ ಕಾಲದ ಕಷ್ಟಗಳನ್ನೆಲ್ಲ ಹೇಳಿ ಕೊನೆಗೆ, "ನಮ್ಮ ಹೆಣ್ಮಕ್ಕಳು ಎಂಥ ಪ್ರತಿಭೆ ಇದ್ದೋರು. ಮದುವೆ ಅಂತ ಬಿಟ್ಟು ಹೋದ್ರು. ನಾವು ಉಳಿಸ್ಕೊಳೋಕಾಗ್ಲಿಲ್ಲ" ಎಂದು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಜಯಕ್ಕ ಎದ್ದಳು. ನಿಧಾನಕ್ಕೆ ವೇದಿಕೆ ಹತ್ತಿ ಮೈಕಿಗೆ ಕೈಚಾಚಿದಳು. ಶಾಲು ಹೊದ್ದ ಹೆಂಗಸಿಗೆ ಇಲ್ಲವೆನ್ನಲು ಯಾರಿಗೂ ಆಗಲಿಲ್ಲ.

"ಒಂದು ತಪ್ಪಿದೆ, ಸರಿ ಮಾಡ್ಬಿಡ್ತೀನಿ. ನಾನು ಮದುವೆಗೋಸ್ಕರ ಬಿಡ್ಲಿಲ್ಲ. ಅವತ್ತು ಕೊಳದಲ್ಲಿ ನೀರಿರ್ಲಿಲ್ಲ. ನೀರು ಕಮ್ಮಿ ಇದೆ ಅಂತ ನಾನು ಹೇಳ್ದೆ. ಸಾರ್ ಹಾರು ಅಂದ್ರು. ಹಾರಿ ಕತ್ತು ಮುರ್ಕೊಂಡೆ. ಅಷ್ಟೇ."

ಆಮೇಲೆ ನಿರೂಪಕಿ, ಎಳೆಯ ಹುಡುಗಿ, ನಗುನಗುತ್ತ ಮೈಕು ಇಸಿದುಕೊಂಡು, "ಎಂಥ ಸ್ಫೂರ್ತಿದಾಯಕ ಮಾತುಗಳು. ಕೊಳದಲ್ಲಿ ನೀರೇ ಇಲ್ಲದ ಕಾಲದಲ್ಲೂ ನಮ್ಮ ಹಿರಿಯರು ಸಾಧನೆ ಮಾಡಿ ತೋರಿಸಿದ್ದಾರೆ. ಜೋರಾದ ಚಪ್ಪಾಳೆ ಬರಲಿ" ಎಂದಳು. ಬಂತು. ಇಡೀ ಮಂಟಪ ತಟ್ಟಿತು. ನನ್ನ ಕೈಗಳೂ ಅಭ್ಯಾಸಬಲದಿಂದ ಎರಡು ಸಲ ತಟ್ಟಿ ಆಮೇಲೆ ನಿಂತವು. ಭಾವ ಒಬ್ಬರೇ ಕೈಕಟ್ಟಿ ಕೂತಿದ್ದರು.

ಊಟಕ್ಕೆ ಕೂತೆವು. ಹೊರಟುಬಿಡೋಣವೆಂದೆ. "ಯಾಕೆ ಹೋಗ್ಬೇಕು? ಕರ್ದಿದಾರೆ, ಉಂಡು ಹೋಗ್ತೀನಿ" ಎಂದು ಜಯಕ್ಕ ಎಲೆಗೆ ನೀರು ಚಿಮುಕಿಸಿದಳು. ಒಬ್ಬಟ್ಟು ಬಡಿಸುವ ಹೊತ್ತಿಗೆ ಕಾರ್ಯದರ್ಶಿ ಊರುಗೋಲು ಊರುತ್ತ ಬಂದು ಅವಳ ಪಕ್ಕದ ಕುರ್ಚಿ ಎಳೆದುಕೊಂಡರು. ನಾನು ಜಗಳಕ್ಕೆ ಸಿದ್ಧಳಾದೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ನೀನು ಹೇಳಿದ್ದು ಸುಳ್ಳಲ್ಲಮ್ಮ. ಆದ್ರೆ ಮದುವೆಗೆ ಬಿಟ್ಟಳು ಅನ್ನೋ ಮಾತು ನನ್ನದಲ್ಲ. ನಿಮ್ಮಪ್ಪಂದು."

ಜಯಕ್ಕ ಒಬ್ಬಟ್ಟು ಮುರಿಯುತ್ತಿದ್ದ ಕೈ ನಿಲ್ಲಿಸಿದಳು.

"ನೀನಿನ್ನೂ ಪಟ್ಟಿ ಕಟ್ಕೊಂಡು ಮಲಗಿದ್ದೆ. ನಿಮ್ಮಪ್ಪ ನನ್ನ ಆಫೀಸಿಗೆ ಬಂದ್ರು. ಹೊಡಿಯೋಕೆ ಬಂದ್ರೇನೋ ಅಂತ ನಾನು ಎದ್ದು ನಿಂತೆ. ಅವರು ಕೈಮುಗಿದ್ರು. ಪೆಟ್ಟಿನ ವಿಷಯ ಎಲ್ಲೂ ಎತ್ತಬೇಡಿ, ನಾನೂ ಎತ್ತಲ್ಲ, ಹೆಣ್ಣು ಮಗು, ಗಂಡು ಸಿಗಲ್ಲ; ಯಾರಾದ್ರೂ ಕೇಳಿದ್ರೆ ಮದುವೆ ಅಂತ ಬಿಟ್ಟಳು ಅನ್ನಿ ಅಂದ್ರು. ಗೋಡೇಲಿದ್ದ ನಿನ್ನ ಫೋಟೋನೆಲ್ಲ ಬಿಚ್ಚಿಸಿ ಚೀಲದಲ್ಲಿ ಹಾಕ್ಕೊಂಡು ಹೋದ್ರು." ಊರುಗೋಲಿಗೆ ಕೈಯಿಟ್ಟು ಸೇರಿಸಿದರು: "ನನಗೂ ಅದೇ ಬೇಕಾಗಿತ್ತು. ಇಬ್ರಿಗೂ ಅನುಕೂಲ ಆಯ್ತು. ಈಗ್ಯಾಕೆ ಸುಳ್ಳು ಹೇಳ್ಲಿ."

ಅವರು ಎದ್ದು ಹೋದರು. ಜಯಕ್ಕ ಒಬ್ಬಟ್ಟನ್ನು ಪೂರ್ತಿ ತಿಂದಳು. ಮಜ್ಜಿಗೆಯನ್ನೂ ಕುಡಿದಳು.

ಅವರ ಜೊತೆ ನಾನೂ ಕೆಂಗೇರಿಗೆ ಹೊರಟೆ. ವಿಜಯನಗರದಲ್ಲಿ ಮೆಟ್ರೋ ಹತ್ತಿದೆವು. ಫಲಕ ಭಾವನ ತೊಡೆಯ ಮೇಲಿತ್ತು. ಜಯಕ್ಕ ಮುಂದೆಯೇ ನೋಡುತ್ತ, "ಇಷ್ಟು ವರ್ಷ ಒಬ್ಬನ್ನೇ ದ್ವೇಷ ಮಾಡ್ಕೊಂಡು ನೆಮ್ಮದಿಯಾಗಿದ್ದೆ ಕಣೇ. ಈಗ ಅದನ್ನೂ ಪಾಲು ಮಾಡ್ಬೇಕು" ಎಂದಳು. ಭಾವ ಗಂಟಲು ಸರಿಮಾಡಿಕೊಂಡರು.

"ನಿನ್ನ ನೋಡೋಕೆ ಬಂದಾಗಲೇ ನನಗೆ ಗೊತ್ತಿತ್ತು" ಎಂದರು. "ಒಳಗಿಂದ ನಿಮ್ಮಮ್ಮ ಕರೆದ್ರು, ನೀನು ಪೂರ್ತಿ ಮೈ ತಿರುಗಿಸ್ದೆ. ಮೆಷಿನ್ ಹತ್ರ ಕೆಲಸ ಮಾಡೋನು ನಾನು, ಯಾವುದು ಜಾಮ್ ಆಗಿದೆ ಅಂತ ಗೊತ್ತಾಗಲ್ವ? ಗೊತ್ತಿದ್ದೇ ಒಪ್ಪಿದ್ದು. ಮಾವ ಮುಚ್ಚಿಡ್ತಾ ಇದಾರೆ ಅಂತ ಕಂಡಿತು, ಅವರಿಗ್ಯಾಕೆ ಮುಜುಗರ ಅಂತ ಸುಮ್ಮನಾದೆ."

ಜಯಕ್ಕ ಅವರ ಕಡೆಗೆ ತಿರುಗಿದಳು, ಮೈಯೆಲ್ಲ ತಿರುಗಿಸಿ. ಪಕ್ಕದ ಸೀಟಿನ ಹುಡುಗಿಗೆ ಮೊಣಕೈ ತಾಗಿತು. ಹಾಗಾದರೆ ಮದುವೆಗೆ ಆ ಸುಳ್ಳು ಬೇಕಾಗಿರಲೇ ಇಲ್ಲ. ದೊಡ್ಡಪ್ಪ ಆ ಮನುಷ್ಯನ ಮುಂದೆ ಸುಮ್ಮನೆ ಕೈಮುಗಿದು ಬಂದಿದ್ದರು.

ಆವತ್ತಿನಿಂದ ನನಗೂ ಒಂದು ಕಷ್ಟ ಶುರುವಾಗಿದೆ. ಅಪ್ಪನ ಮುಖ ನೆನಪಿಲ್ಲದ ನನಗೆ ಅಪ್ಪನೆಂದರೆ ದೊಡ್ಡಪ್ಪನೇ. ಎತ್ತುಗಳಿಗೆ ಕಪ್ಪು ತೋರಿಸಿದ ಮನುಷ್ಯನನ್ನು ನೆನೆಯಹೋದರೆ ಈಗ ಚೀಲ ಹಿಡಿದು ಗೋಡೆಯಿಂದ ಮಗಳನ್ನು ಬಿಚ್ಚಿಕೊಳ್ಳುತ್ತಿರುವ ಮನುಷ್ಯ ಎದುರು ಬರುತ್ತಾನೆ. ಇಬ್ಬರೂ ಒಬ್ಬರೇ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಆಗುತ್ತಿಲ್ಲ. ಹೆದರಿದ್ದರು ಎಂದುಕೊಳ್ಳುತ್ತೇನೆ. ತೆಂಗಿನ ಮರದಿಂದ ಹಾರುವ ಮಗಳನ್ನು ಕಂಡು ಹೆದರದವರು, ಮದುವೆಯಾಗದ ಮಗಳನ್ನು ನೆನೆದು ಹೆದರಿದ್ದರು. ಅದು ವಿವರಣೆಯೇ ಹೊರತು ಸಮಾಧಾನವಲ್ಲ. ಜಯಕ್ಕ ಗೋಡೆಯ ಸಾಲನ್ನು ತಿದ್ದಿ ಎಂದು ಸಂಘಕ್ಕೆ ಫೋನ್ ಮಾಡಿದಳು. ಕಮಿಟಿಯಲ್ಲಿ ಇಡುತ್ತೇವೆ ಎಂದಿದ್ದಾರೆ. ಅಲ್ಲಿಯವರೆಗೆ ಅವಳು ಗೋಡೆಯ ಮೇಲೆ ಮೊಗ್ಗಿನ ಜಡೆಯಲ್ಲಿ ಇನ್ನೂ ಸ್ವಇಚ್ಛೆಯಿಂದಲೇ ನಿವೃತ್ತಳಾಗಿದ್ದಾಳೆ.

ಇವತ್ತು ಮಹಾಲಯ ಅಮಾವಾಸ್ಯೆ. ಗಂಡುಮಕ್ಕಳಿಲ್ಲದ ದೊಡ್ಡಪ್ಪನಿಗೆ ಎಡೆ ಇಡುವುದು ಜಯಕ್ಕನೇ. ಈ ವರ್ಷ ಇಡುತ್ತಾಳೋ ಇಲ್ಲವೋ ಎಂದುಕೊಂಡೇ ಕೆಂಗೇರಿಗೆ ಬಂದೆ. ಇಟ್ಟಳು. ಮಟನ್ ಸಾರು, ಮುದ್ದೆ, ಕಜ್ಜಾಯ, ಒಂದು ಕಟ್ಟು ಬೀಡಿ. ಯಾವುದನ್ನೂ ಬಿಡಲಿಲ್ಲ. ಸಾಂಬ್ರಾಣಿ ಹಾಕಿದ ಮೇಲೆ, ಹಿರಿಯರು ಬಂದು ಉಣ್ಣಲಿ ಎಂದು ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುವುದು ನಮ್ಮಲ್ಲಿ ಪದ್ಧತಿ. ನಾನು ಬಂದೆ, ಭಾವ ಬಂದರು. ಜಯಕ್ಕ ಬರಲಿಲ್ಲ. "ನೀವು ಹೊರಗಿರಿ" ಎಂದು ಒಳಗಿನಿಂದ ಚಿಲಕ ಹಾಕಿಕೊಂಡಳು.

ಭಾವ ಮೆಟ್ಟಿಲ ಮೇಲೆ ಕೂತರು. ನಾನು ನಿಂತೇ ಇದ್ದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವಳ ದನಿ ಕೇಳಿಸಿತು. ಮಾತು ತಿಳಿಯುವಷ್ಟಲ್ಲ. ಜೋರಾಗುತ್ತಿತ್ತು, ತಗ್ಗುತ್ತಿತ್ತು, ಉತ್ತರಕ್ಕೆ ಕಾಯುವ ಹಾಗೆ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಸಾರು ಆರಿಹೋಗುತ್ತದೆ, ಬಾಗಿಲು ತಟ್ಟಲೇ ಎಂದು ಕೇಳಿದೆ.

"ಬೇಡಮ್ಮ" ಎಂದರು ಭಾವ. "ಇಷ್ಟು ವರ್ಷ ಆರಿದೆ. ಇನ್ನೊಂಚೂರು ಆರ್ಲಿ."

ನಾನು ಅವರ ಪಕ್ಕದಲ್ಲಿ ಕೂತೆ. ಒಳಗೆ ಅವಳು ಇನ್ನೂ ಮಾತಾಡುತ್ತಿದ್ದಾಳೆ.